ನೀಲಮ್ಮ ಬಾಣ ನೋಡಿ ಹೇಳಿದ್ದು

ಕಾಕನಕೋಟೆ ಕಡೆ ಫಾರೆಸ್ಟ್ ವಾಚರ್ ಆಗಿದ್ದ ಸಿದ್ದಲಿಂಗಯ್ಯನಿಗೆ ನಲವತ್ತು ದಾಟುವಷ್ಟರಲ್ಲೇ ಕಣ್ಣು ಮಂಜಾಯಿತು. ಕಳ್ಳಬೇಟೆಯವರು ಬಿಟ್ಟುಹೋದ ಬಾಣ ಸಿಕ್ಕಿದರೆ ಎಲೆಯಲ್ಲಿ ಸುತ್ತಿ ತಂದು ಹೆಂಡತಿಯ ಕೈಗೆ ಕೊಡುತ್ತಿದ್ದ. ನೀಲಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಉದ್ದಕ್ಕೂ ಬೆರಳಾಡಿಸಿ, ಕೊನೆಗೆ ಮೂಸಿ ಹೇಳುತ್ತಿದ್ದಳು. ನೊರೆ ರಕ್ತವಾದರೆ ಶ್ವಾಸಕೋಶ, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ. ಹುಳಿನಾತ ಬಂದರೆ ಕರುಳು. ಅದು ಸಾಯಲು ಒಂದು ದಿನವೂ ಹಿಡಿಯಬಹುದು, ಎರಡು ದಿನವೂ ಹಿಡಿಯಬಹುದು. ಏನೂ ಇಲ್ಲದಿದ್ದರೆ ಗುರಿ ತಪ್ಪಿದೆ. ಹೆಬ್ಬೆಟ್ಟು ಬಿಟ್ಟು ಹೆಸರು ಬರೆಯಲು ಅವಳು ಕಲಿತದ್ದು ಮೊಮ್ಮಕ್ಕಳ ಕಾಲಕ್ಕೆ. ಬಾಣದ ವಿಷಯದಲ್ಲಿ ಮಾತ್ರ ಅವಳು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಗಂಡ ಹೋದ ಮೇಲೆ ಮಗಳು ಶುಭಾ, ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು, ಅವಳನ್ನು ಮೂರು ತಿಂಗಳ ಮಟ್ಟಿಗೆ ಕರೆಸಿಕೊಂಡಳು. ಜನವರಿಯಲ್ಲಿ ಬಂದದ್ದು, ಮಾರ್ಚಿಗೆ ಕೊರೋನಾ ಬಂದು ವಿಮಾನವೇ ನಿಂತಿತು. ಏಪ್ರಿಲ್‌ನಲ್ಲಿ ನೀಲಮ್ಮನಿಗೂ ಆ ಜ್ವರ ಬಂತು. ಒಂಬತ್ತು ದಿನ ಮಲಗಿ ಎದ್ದಳು. ಎದ್ದು ನೋಡಿದರೆ ಶುಭಾಳ ಮನೆಯಿದ್ದ ಲೆಪರ್ಡ್ಸ್‌ಟೌನ್ ಬೇರೆಯೇ ಊರಾಗಿತ್ತು. ಹಗಲಿನಲ್ಲೇ ದೀಪ ಹಾಕಿಕೊಂಡು ಖಾಲಿ ಬಸ್ಸು ಹೋಗುತ್ತಿತ್ತು. ಗುಡ್ಡದ ಪೈನ್ ಕಾಡಿನಿಂದ ಜಿಂಕೆಗಳು ಇಳಿದು ಬಂದು, ಮನೆಗಳ ಸಾಲಿನ ನಡುವೆ ನಿಂತು, ಒಂದೊಂದೇ ಕಿಟಕಿಯನ್ನು ನೋಡುತ್ತಿದ್ದವು. ಊಟಕ್ಕೂ ರುಚಿಯಿರಲಿಲ್ಲ. ಇಂಗು ಹಳೆಯದಾಯಿತು, ಜ್ವರದ ಬಾಯಿ ಇನ್ನೂ ನೆಟ್ಟಗಾಗಿಲ್ಲ ಎಂದುಕೊಂಡಳು. ಶುಭಾ ಕೇಳಿದರೆ, “ಎಲ್ಲಾ ಸರಿಯಾಗೈತೆ, ನೀನು ಡ್ಯೂಟಿ ನೋಡ್ಕೋ” ಅನ್ನುತ್ತಿದ್ದಳು.

ಮೇ ತಿಂಗಳ ಒಂದು ಬೆಳಿಗ್ಗೆ, ಶುಭಾ ಡ್ಯೂಟಿಗೆ ಹೋದ ಮೇಲೆ, ಪಕ್ಕದ ಮನೆಯ ಮೆಲ್ವಿನ್ ಬೇಲಿಯಾಚೆಯಿಂದ ಕರೆದ. ಮಂಗಳೂರಿನವನು, ಬ್ಯಾಂಕಿನ ಕೆಲಸ. ಬಿಲ್ಲುಗಾರಿಕೆಯ ಕ್ಲಬ್ಬು ಮುಚ್ಚಿದ್ದರಿಂದ ಹಿತ್ತಲಿನಲ್ಲೇ ಗುರಿಹಲಗೆ ನಿಲ್ಲಿಸಿ ಅಭ್ಯಾಸ ಮಾಡುತ್ತಿದ್ದ. ಈಗ ಅವನ ಮುಖ ಸುಣ್ಣದ ಹಾಗಿತ್ತು.

“ಅಮ್ಮ, ಒಂದು ತಪ್ಪು ಆಯ್ತು. ಬೆಳಿಗ್ಗೆ ಒಂದು ಜಿಂಕೆ ಬಂದು ಡಯಾನಾಳ ಬೀನ್ಸ್ ತಿಂತಾ ಇತ್ತು. ಹೆದರಿಸ್ಲಿಕ್ಕೆ ಅಂತ ಬಿಲ್ಲು ಎತ್ತಿದೆ. ಕೈ ಬಿಟ್ಟುಬಿಡ್ತು.”

“ತಗುಲ್ತಾ?”

“ಇಲ್ಲ ಅಂತ ಕಾಣ್ತದೆ. ಓಡಿಹೋಯ್ತು. ಆದ್ರೆ ನೋಡಿ, ಈ ದೇಶದಲ್ಲಿ ಬಿಲ್ಲಲ್ಲಿ ಬೇಟೆ ಆಡಿದ್ರೆ ಕೇಸು. ನನ್ನ ಸಿಟಿಜನ್‌ಶಿಪ್ ಅರ್ಜಿ ಇನ್ನೂ ಪೆಂಡಿಂಗ್ ಉಂಟು. ನೀವು ನೋಡಿ ಹೇಳ್ತೀರಂತೆ, ಶುಭಾ ಹೇಳಿದ್ಲು.”

ಬಾಣವನ್ನು ಬೇಲಿಯ ಮೇಲಿಟ್ಟು ಎರಡು ಮೀಟರ್ ಹಿಂದೆ ಸರಿದ. ನೀಲಮ್ಮ ಎತ್ತಿಕೊಂಡಳು. ರಕ್ತವಿಲ್ಲ. ಕೂದಲಿಲ್ಲ. ಜಿಡ್ಡಿಲ್ಲ.

“ಒರೆಸಿದ್ಯೇನಪ್ಪಾ?”

“ನಾನು ಒರೆಸ್ಲಿಲ್ಲ, ದೇವರಾಣೆ. ತಂದು ಹಿತ್ತಲ ಬಾಗಿಲಲ್ಲಿ ಇಟ್ಟೆ, ಅಷ್ಟೇ.”

ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸಿದಳು. ತುದಿಯಿಂದ ಬಾಲದ ಗರಿಯವರೆಗೆ. ಏನೂ ಇಲ್ಲ.

“ತಪ್ಪಿದೆ ಕಣಪ್ಪಾ. ಹೋಗಿ ಕಾಫಿ ಕುಡಿ.”

ಮೆಲ್ವಿನ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಅಷ್ಟರಲ್ಲಿ ಅವನ ಹೆಂಡತಿ ಡಯಾನಾ ಕೈಗವಸು ಹಾಕಿಕೊಂಡೇ ಹೊರಗೆ ಬಂದಳು.

“ಅಯ್ಯೋ ಅಮ್ಮ, ಮೂಗಿಗೆ ಹಿಡಿಬೇಡಿ! ಹಾಲಿನ ಡಬ್ಬದ ಜೊತೆ ಅದನ್ನೂ ಡೆಟ್ಟಾಲಲ್ಲಿ ತೊಳೆದು ಇಟ್ಟಿದ್ದೆ. ಈಗಷ್ಟೇ. ನನಗೆ ಇಲ್ಲಿವರೆಗೆ ಘಾಟು ಬರ್ತಾ ಉಂಟು.”

ನೀಲಮ್ಮ ಮತ್ತೆ ಮೂಸಿದಳು. ಬಾಣವನ್ನು ಮೂಗಿಗೇ ಒತ್ತಿ ಎಳೆದಳು. ಉಸಿರು ತಣ್ಣಗೆ ಒಳಗೆ ಹೋಯಿತು, ತಣ್ಣಗೆ ಹೊರಗೆ ಬಂತು. ಬೇಲಿಯ ಗುಲಾಬಿ ಕಿತ್ತು ಮೂಸಿದಳು. ಮಣ್ಣು ಕೆದಕಿ ಮೂಸಿದಳು. ಸೆರಗು ಮೂಸಿದಳು. ಲೋಕ ಎದುರಿಗೇ ಇತ್ತು, ಗಾಜಿನ ಆಚೆ ಇದ್ದ ಹಾಗೆ. ಜ್ವರ ಬಿಟ್ಟ ದಿನದಿಂದಲೂ ಹೀಗೇ ಇತ್ತಲ್ಲ ಎಂದು ಈಗ ಹೊಳೆಯಿತು.

“ಡಯಾನಾ, ತೊಳೆಯೋಕ್ಮುಂಚೆ ಇದರ ಮೇಲೆ ಏನಿತ್ತವ್ವಾ?”

“ಏನಿಲ್ಲ, ಸ್ವಲ್ಪ ಹಸಿರು. ಹುಲ್ಲಿನ ರಸದ ಹಾಗೆ.”

“ನಾನಂದಿದ್ದು ಸುಳ್ಳು. ಮೆಲ್ವಿನ್, ನಿಜ ಹೇಳು. ಜಿಂಕೆ ಹೆಂಗೆ ಹೋಯ್ತು?”

ಅವನು ನೆಲ ನೋಡಿದ. “ಓಡ್ಲಿಲ್ಲ. ಬೆನ್ನು ಗೂನು ಮಾಡಿ, ಒಂದೊಂದೇ ಹೆಜ್ಜೆ ಇಟ್ಟು ಹೋಯ್ತು. ತಿರುಗಿ ನನ್ನನ್ನೇ ನೋಡ್ತು.”

“ಕರುಳು.”

“ನೀವು ತಪ್ಪಿದೆ ಅಂದ್ರಲ್ಲ ಅಮ್ಮ! ಅದೇ ಇರ್ಲಿ ಮಾರಾಯ್ರೆ. ಯಾರೂ ಕೇಳುದಿಲ್ಲ.”

“ಅದು ಗುಡ್ಡದಲ್ಲಿ ನಾಳೆವರೆಗೂ ಸಾಯ್ತಾ ಕೂತಿರ್ತದೆ. ನಾನು ತಪ್ಪಿದೆ ಅಂದಿದ್ದಕ್ಕೇ ಕೂತಿರ್ತದೆ.”

ಮೆಲ್ವಿನ್ ಒಳಗೆ ಹೋಗಿ ಬೂಟು ಹಾಕಿಕೊಂಡು ಬಂದ. ತಕ್ಷಣ ಹೊರಡಲು ಅವಳು ಬಿಡಲಿಲ್ಲ. ಬೆನ್ನಟ್ಟಿದರೆ ಕರುಳಿಗೆ ತಗುಲಿದ ಪ್ರಾಣಿ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಸುಮ್ಮನೆ ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಮಧ್ಯಾಹ್ನದವರೆಗೆ ಕಾಯಿಸಿದಳು. ಎಪ್ಪತ್ತು ದಾಟಿದವರೂ ಐದು ಕಿಲೋಮೀಟರ್ ಒಳಗೆ ನಡೆಯಬಹುದು ಎಂದು ಆ ವಾರವಷ್ಟೇ ಸರ್ಕಾರ ಹೇಳಿತ್ತು. ಗುಡ್ಡಕ್ಕೆ ಒಂದು ಕಿಲೋಮೀಟರೂ ಇರಲಿಲ್ಲ.

ಪೈನ್ ಮರಗಳ ಕೆಳಗೆ ಮಂಜು ಮೊಣಕಾಲಿನವರೆಗೆ ತೆಳ್ಳಗೆ ನಿಂತಿತ್ತು. ಕೆಳಗೆ ಇಡೀ ಡಬ್ಲಿನ್ ಇದ್ದೂ ಒಂದು ಹಾರ್ನ್ ಇಲ್ಲ, ವಿಮಾನವಿಲ್ಲ. ನೀಲಮ್ಮ ಮೆಲ್ವಿನ್‌ಗಿಂತ ಮುಂದೆ, ಗೊರಸಿನ ಗುರುತಿನ ಪಕ್ಕದಲ್ಲೇ, ಅದನ್ನು ತುಳಿಯದೆ ನಡೆದಳು. ಒಂದು ಕಡೆ ಗುರುತುಗಳು ಒತ್ತೊತ್ತಾಗಿದ್ದವು: ನಿಂತಿದೆ. ಮುಂದೆ ಹುಲ್ಲು ಒತ್ತಿತ್ತು: ಮಲಗಿ ಎದ್ದಿದೆ. ಹುಲ್ಲಿನಲ್ಲಿ ಹೊಟ್ಟೆಯ ಬಿಳಿ ಕೂದಲು ಮೂರು, ನೀರಿನಂಥ ಕೆಂಪು.

ಆಮೇಲೆ ಅವಳು ನಿಂತಳು. ಇಪ್ಪತ್ತು ಹೆಜ್ಜೆ ಮುಂದೆ, ಜರಿಗಿಡಗಳ ನಡುವೆ ಮಂಜಿನಿಂದ ತಲೆಯೊಂದೇ ಮೇಲೆ ಕಾಣುತ್ತಿತ್ತು. ಜಿಂಕೆ ಮಲಗಿತ್ತು. ಕಣ್ಣು ತೆರೆದಿತ್ತು. ಅವರು ಬರುವುದನ್ನು ಎಷ್ಟು ಹೊತ್ತಿನಿಂದ ನೋಡುತ್ತಿತ್ತೋ.

“ಇನ್ನೊಂದು ಹೆಜ್ಜೆ ಇಡಬೇಡ. ಎದ್ದೀತು,” ನೀಲಮ್ಮ ಪಿಸುಗುಟ್ಟಿದಳು. “ಫೋನ್ ಮಾಡು. ಕಾಡಿನೋರಿಗೆ. ಕೋವಿ ತರಲಿ.”

“ಹೆಸರು ಕೇಳ್ತಾರೆ ಅಮ್ಮ. ಎಂಟು ವರ್ಷ ಆಯ್ತು ನಾನು ಇಲ್ಲಿಗೆ ಬಂದು.”

“ಕೇಳ್ತಾರೆ.”

“ದಾರಿಯಲ್ಲಿ ಸಿಕ್ಕಿತು, ಯಾರು ಹೊಡೆದ್ರೋ ಗೊತ್ತಿಲ್ಲ ಅಂದ್ರೆ?”

ನೀಲಮ್ಮ ಅವನ ಮುಖ ನೋಡಿದಳು. ಜಿಂಕೆಯೂ ಅವನನ್ನೇ ನೋಡುತ್ತಿತ್ತು. ಅವನು ಜೇಬಿನಿಂದ ಫೋನ್ ತೆಗೆದು ನಂಬರ್ ಹುಡುಕಿದ. ಆಮೇಲೆ ಒತ್ತಿದ. ಆ ಕಡೆ ಯಾರೋ ಎತ್ತಿದರು. ಅವನು ಇಂಗ್ಲಿಷಿನಲ್ಲಿ ಜಾಗ ಹೇಳಿದ, ಬಾಣ ಎಂದ, ನಾನೇ ಎಂದ. ಹೆಸರು ಅವರಿಗೆ ತಿಳಿಯಲಿಲ್ಲವೇನೋ, ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದ. ಒಂದೊಂದು ಅಕ್ಷರಕ್ಕೂ ಜಿಂಕೆಯ ಕಿವಿ ಅವನ ಕಡೆ ತಿರುಗಿ ನಿಲ್ಲುತ್ತಿತ್ತು.