ಗಲ್ಲಾದಲ್ಲಿ ಬಿಟ್ಟುಹೋದ ಸಿಮ್ಮು

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಜನ್ಮದಲ್ಲಿ ಯಾರಿಗೂ ಏನನ್ನೂ ಬಿಟ್ಟಿ ಕೊಟ್ಟವನಲ್ಲ. ಅಂಥವನು ನನ್ನನ್ನೂ ಅವ್ವನನ್ನೂ ಬಿಟ್ಟಿಯಾಗಿ ಪರದೇಶ ತೋರಿಸುತ್ತೇನೆಂದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಸುರಪುರದ ಕಾಲೇಜಿನಲ್ಲಿ ಪಾಠ ಹೇಳುವ ನಾನು ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಹಲ್ಲು ಕಿರಿದು ಫೋಟೊ ತೆಗೆಸಿಕೊಂಡೆ.

ಶಹಾಪುರದಲ್ಲಿ ಕಾಕಾನದು ಬೀಜ-ಗೊಬ್ಬರದ ಅಂಗಡಿ. ಆದರೆ ಅವನ ನಿಜವಾದ ಕಸುಬು ಕ್ರೆಡಿಟ್ ಕಾರ್ಡ್ ಉಜ್ಜುವುದು. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಬಂಗಾರದ ಅಂಗಡಿಯಲ್ಲಿ ಅವನು ಹಾಜರು. “ರೊಕ್ಕ ನನ್ನ ಕೈಯಾಗ ಕೊಡ್ರಿ, ಕಾರ್ಡ್ ನಾ ಉಜ್ಜತೀನಿ.” ಮಂದಿಯ ತಾಳಿ, ಮಂದಿಯ ಫ್ರಿಜ್ಜು, ಮಂದಿಯ ಸಿಮೆಂಟು ಎಲ್ಲ ಉಜ್ಜಿ ಉಜ್ಜಿ ವಿಮಾನದ ಪಾಯಿಂಟು ಕೂಡಿಸಿದ್ದ. ಆ ಪಾಯಿಂಟಿಗೆ ಮೂರು ಟಿಕೆಟ್ ಬಂದವು. ಅವನು ಅದನ್ನು ಹೇಳಿಕೊಂಡು ತಿರುಗಿದ್ದು ನೋಡಿದರೆ ವಿಮಾನವನ್ನೇ ಗೆದ್ದು ತಂದಿದ್ದಾನೆ ಅನ್ನಬೇಕು.

ಹೊರಡುವ ಮುಂಜಾನೆ ಇನ್ನೊಂದು ಜಾಣತನ ಮಾಡಿದ. ಊರಿನ ಸಿಮ್ ಜೊತೆಗಿದ್ದರೆ ರೋಮಿಂಗ್ ಬೀಳುತ್ತದೆಂದು ಅದನ್ನು ಬಟನ್ ಫೋನೊಂದಕ್ಕೆ ಹಾಕಿ, ಅಂಗಡಿಯ ಗಲ್ಲಾದಲ್ಲಿಟ್ಟು ಗುಮಾಸ್ತನಿಗೆ ಒಪ್ಪಿಸಿದ. ಗುಮಾಸ್ತ ಸಗರದಿಂದ ದಿನಾ ಬಸ್ಸಿಗೆ ಬರುವ, ಐವತ್ತು ದಾಟಿದ ಮನುಷ್ಯ.

“ಗಿರಾಕಿ ಫೋನ್ ಬಂದ್ರ ಎತ್ತು. ಓಟಿಪಿ ಗೀಟಿಪಿ ಬಂದ್ರ ಯಾರಿಗೂ ಹೇಳಬ್ಯಾಡ. ನಾನೇ ಕೇಳಿದ್ರೂ ಹೇಳಬ್ಯಾಡ. ಈಗ ದನಿನೂ ನಕಲಿ ಮಾಡ್ತಾರ.”

“ಹೂನ್ರಿ ಸಾವುಕಾರ್ರ” ಅಂದ ಗುಮಾಸ್ತ.

ಹೋಗಿ ಮೂರನೇ ದಿನ, ಬೆಳಗಿನ ನಾಷ್ಟಾ ಮುಗಿಸಿ ಹೋಟೆಲಿನ ಹನ್ನೊಂದನೇ ಮಹಡಿಯ ಕೋಣೆಗೆ ಬಂದಿದ್ದೆವು. ಮೊದಲು ಕಪಾಟಿನೊಳಗಿನ ಹ್ಯಾಂಗರುಗಳು ಕಟಕಟ ಅಂದವು. ಆಮೇಲೆ ಕಪಾಟೇ ನನ್ನ ಕಡೆ ನಡೆದು ಬಂತು. ನೆಲ ಒಮ್ಮೆ ಎಡಕ್ಕೆ ಹೋಗಿ, ನಿಂತು, ಮತ್ತೆ ಬಲಕ್ಕೆ ಬಂತು. ಆ ನಡುವಿನ ನಿಲುಗಡೆ ಇದೆಯಲ್ಲ, ಅದು ನನ್ನ ಮೈಯಿಂದ ಇನ್ನೂ ಹೋಗಿಲ್ಲ. ಮೆಟ್ಟಿಲ ಗೋಡೆ ನಾವು ಇಳಿಯುತ್ತಿದ್ದಂತೆ ಬಿರಿಯುತ್ತಿತ್ತು. ಅವ್ವನ ಚಪ್ಪಲಿ ಏಳನೇ ಮಹಡಿಯಲ್ಲಿ ಉಳಿಯಿತು. ಕಾಕಾ ನಮಗಿಂತ ಮುಂದೆ ಇದ್ದ, ಎಷ್ಟು ಮುಂದೆ ಅಂದರೆ ಕೆಳಗೆ ಬಂದಾಗ ಅವನು ಆಗಲೇ ನೀರು ಕುಡಿದು ಕೂತಿದ್ದ.

ಪೊಲೀಸರು ಹೋಟೆಲಿಗೆ ಬೀಗ ಹಾಕಿದರು. ಪಾಸ್‌ಪೋರ್ಟುಗಳು ಕಾಕಾನ ಸೊಂಟದ ಚೀಲದಲ್ಲಿದ್ದವು. ಅವ್ವನ ಬಿಪಿ ಗುಳಿಗೆ, ಸಕ್ಕರೆ ಗುಳಿಗೆ ಮೇಲೆ ಉಳಿದವು. ಅವ್ವ ಎದುರಿನ ಉದ್ಯಾನದಲ್ಲಿ ಒಂದು ಗಿಡದ ಬೊಡ್ಡೆ ತಬ್ಬಿಕೊಂಡು ಕೂತಳು, ಯಾವ ಮಾಡಿನ ಕೆಳಗೂ ಬರಲಾರೆ ಅಂದಳು. ನಮ್ಮ ವಾಪಸ್ ಟಿಕೆಟ್ ಇದ್ದದ್ದು ನಾಲ್ಕು ದಿನದ ನಂತರ. ಫೋನಿನಲ್ಲಿ ನೋಡಿದರೆ ಅಂದೇ ಸಂಜೆಯ ವಿಮಾನದಲ್ಲಿ ಪಾಯಿಂಟಿನ ಸೀಟು ಮೂರು ಖಾಲಿ. ಹಳೆಯದನ್ನು ರದ್ದು ಮಾಡಿ ಇದನ್ನು ಹಿಡಿಯಬೇಕು, ಅಷ್ಟೆ.

“ರದ್ದು ಮಾಡಿದ್ರ ಪಾಯಿಂಟ್ ಕಡೀತಾರಲ್ಲೋ” ಅಂದ ಕಾಕಾ. “ನಾಕ ದಿನ ತಡದ್ರ ಎಲ್ಲಾ ಸುಮ್ಮಾಗ್ತದ.”

ಅಷ್ಟರಲ್ಲಿ ಭೂಮಿ ಮತ್ತೊಮ್ಮೆ ಕುಲುಕಿತು. ಕಾಕಾ ಪಾಯಿಂಟು ಮರೆತ. “ಮಾಡು ಮಾಡು, ಲಗೂನ ಮಾಡು!”

ಖಾತೆ ತೆರೆಯಲು ಓಟಿಪಿ ಬೇಕು. ಓಟಿಪಿ ಹೋಗುವುದು ಶಹಾಪುರದ ಗಲ್ಲಾಕ್ಕೆ. ವಿಮಾನ ಕಂಪನಿಗೆ ಫೋನ್ ಮಾಡಿದರೆ ಕೊಳಲು ಊದುತ್ತಿದ್ದರು. ಹೊಸ ಟಿಕೆಟ್ ಕೊಳ್ಳುವ ಮಾತಿಗೆ ಕಾಕಾ ಕಿವಿ ಮುಚ್ಚಿಕೊಂಡ. ಉಳಿದದ್ದು ಗುಮಾಸ್ತ. ಆ ದೇಶದಲ್ಲಿ ಕೊಂಡಿದ್ದ ಸಿಮ್ಮಿನಿಂದ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆವು.

“ಏ, ಈಗೊಂದು ನಂಬರ್ ಬಂದದಲ್ಲ, ಹೇಳು!”

“ಯಾರ್ರಿ ನೀವು?”

“ನಿನ್ನ ಸಾವುಕಾರನೋ!”

“ಹಂಗ ಭಾಳ ಮಂದಿ ಅಂತಾರ್ರಿ. ನಾನೇ ಕೇಳಿದ್ರೂ ಹೇಳಬ್ಯಾಡ ಅಂತ ನಮ್ಮ ಸಾವುಕಾರ್ರು ಹೇಳಿ ಹೋಗ್ಯಾರ.”

“ಹೇಳಿದಾಂವ ನಾನೇ ಅದೀನಿ!”

“ಹಂಗಿದ್ರ ನಿಮ್ಮ ಮಾತೇ ನಡಸಾಕತ್ತೇನಿ ತಗೋರಿ.” ಆಮೇಲೆ ತಾನೇ ಪರೀಕ್ಷೆಗಿಳಿದ, “ಖರೇ ಸಾವುಕಾರ್ರಿದ್ರ ಒಂದು ಹೇಳ್ರಿ. ಮಗಳ ಹೆರಿಗಿಗಿ ರಜಾ ಕೇಳಿದಾಗ ನನಗ ಏನಂದಿದ್ರಿ?”

ಕಾಕಾ ಆಕಾಶ ನೋಡಿದ. ನೆನಪಿದ್ದರೆ ತಾನೇ. “ಹೋಗಿ ಬಾರಪ್ಪ ಅಂದಿದ್ದೆ.”

“ರಾಂಗ್ ನಂಬರ್ರಿ” ಅಂದು ಗುಮಾಸ್ತ ಫೋನಿಟ್ಟ.

ಕಾಕಾ ಬೈದ ಬೈಗುಳಕ್ಕೆ ಉದ್ಯಾನದಲ್ಲಿದ್ದ ಆ ದೇಶದವರೂ ತಿರುಗಿ ನೋಡಿದರು. ಮತ್ತೆ ಎರಡು ಸಲ ಹಚ್ಚಿದ, ಎತ್ತಲಿಲ್ಲ. ನಾಲ್ಕನೆಯ ಸಲ ಅವ್ವ ಗಿಡ ಬಿಟ್ಟು ಒಂದು ಕೈ ಚಾಚಿ ಫೋನ್ ಇಸಿದುಕೊಂಡಳು. ಆ ಕಡೆಯಿಂದ ಎತ್ತಿದ್ದೇ ತಡ ಕೇಳಿದಳು, “ತಮ್ಮಾ, ನಾ ಹೊಲದು ಕಳಿಸಿದ ಕುಂಚಿಗಿ ಕೂಸಿನ ತಲಿಗಿ ದೊಡ್ಡದಾತೇನೋ?”

“ಅವ್ವಾರ! ನೀವೇನ್ರಿ? ದೊಡ್ಡದಾಗಿತ್ರಿ, ಈಗ ಸರಿ ಹೊಂದ್ಯಾದ. ಯಾಕ್ರಿ, ಅಳಾಕತ್ತೀರೇನು?”

ಒಂದೊಂದೇ ಅಂಕಿ ಬಿಡಿಸಿ ಓದಿದ. ಅದರ ಅವಧಿ ತೀರಿತ್ತು. ಹೊಸದು ತರಿಸಿ ಓದಿಸಿ ಒಳಗೆ ಹೋಗುವಷ್ಟರಲ್ಲಿ ಮೂರು ಸೀಟು ಎರಡಾಗಿದ್ದವು.

ಕಾಕಾ ಒಂದು ಗಳಿಗೆಯೂ ಯೋಚಿಸಲಿಲ್ಲ. “ವೈನಿನ್ನ ಕರ್ಕೊಂಡು ಹೋಗೋರು ಬೇಕಲ್ಲ. ಖಾತೆನೂ ನಂದೇ ಅದ. ನಿಂದು ಹಳೇ ಟಿಕೆಟ್ ಹಂಗೇ ಇರ್ಲಿ. ನೀ ಓದಿದಾಂವ, ಇಂಗ್ಲಿಷ್ ಬರ್ತದ, ನಾಕ ದಿನ ಹೆಂಗರ ಕಳೀತಿ.” ಇಷ್ಟನ್ನೂ ಅವ್ವನಿಗೆ ಕೇಳದಂತೆ ಹೇಳಿದ. ನನ್ನನ್ನು ಬಿಟ್ಟು ಅವಳು ಹೊರಡುವವಳಲ್ಲವೆಂದು ಅವನಿಗೂ ಗೊತ್ತು. ಅದಕ್ಕೇ ಅವಳಿಗೆ ಬೇರೆ ಹೇಳಿದ, “ಅಂವಂದು ಹಿಂದಿನ ಸೀಟ್ ಅದ, ವೈನಿ.”

ಅವ್ವ ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಮಾಡಿಗೆ ಹೆದರುತ್ತಿದ್ದ ಅವಳ ಕಣ್ಣು ಮುಚ್ಚಿಸಿ, ಕೈಹಿಡಿದು ವಿಮಾನ ನಿಲ್ದಾಣದೊಳಕ್ಕೆ ನಡೆಸಿದೆ. ತಪಾಸಣೆಯ ಸಾಲಿನಲ್ಲಿ “ನೀ ನಡಿ, ಹಿಂದೇ ಬರ್ತೀನಿ” ಅಂದೆ. ಆಮೇಲೆ ಉದ್ಯಾನಕ್ಕೆ ಮರಳಿ ನಾಲ್ಕು ದಿನ ಆ ಗಿಡದ ಕೆಳಗೆ, ಸಾವಿರ ಜನರ ನಡುವೆ, ಹಂಚಿದ ಬಿಸ್ಕತ್ತು ತಿಂದುಕೊಂಡು ಇದ್ದೆ.

ವಿಮಾನ ಏರಿದ ಮೇಲೆ ಅವ್ವ ಎದ್ದು, ಬರಿಗಾಲಿನಲ್ಲಿ ಹಿಂದಿನ ಸಾಲಿನ ತನಕ ಒಂದೊಂದೇ ಮುಖ ನೋಡುತ್ತ ಎರಡು ಸಲ ಹೋಗಿ ಬಂದಳಂತೆ. ಇದನ್ನು ಕಾಕಾ ಈಗ ಅಂಗಡಿಯಲ್ಲಿ ನಗೆಯ ಕತೆ ಮಾಡಿ ಹೇಳುತ್ತಾನೆ. ಕೊನೆಗೆ, “ನಾ ಒಂದ್ ಫೋನ್ ಮಾಡಿದ್ದಕ್ಕ ಎಲ್ಲಾರೂ ಪಾರಾದ್ರು” ಅನ್ನುತ್ತಾನೆ. ಗುಮಾಸ್ತ ತಲೆಯೆತ್ತದೆ ಚೀಟಿ ಬರೆಯುತ್ತಿರುತ್ತಾನೆ.

ಮೊನ್ನೆ ಕಾಕಾ ಶಹಾಪುರದ ನಮ್ಮ ಮನೆಗೆ ಬಂದ. “ವೈನಿ, ಮತ್ತ ಪಾಯಿಂಟ್ ಕೂಡ್ಯಾವ. ಈ ಸಲ ದುಬೈ!”

“ನನಗ ಸುರಪುರದ ಬಸ್ಸು ಬಿಟ್ಟಿ ಅದ” ಅಂದಳು ಅವ್ವ. “ಆಧಾರ್ ತೋರಿಸಿದ್ರ ಸಾಕು, ನಿನ್ನ ಓಟಿಪಿ ಬೇಕಿಲ್ಲ.”

ಲಾರಿ ಹಾದು ಕಿಟಕಿ ಗಾಜು ನಡುಗಿದರೆ ನಾನು ಈಗಲೂ ಮೇಜು ಹಿಡಿದು ಆ ನಿಲುಗಡೆಗೆ ಕಾಯುತ್ತೇನೆ. ಅವ್ವ ಆ ವಿಮಾನದ ಮಾತೇ ಎತ್ತುವುದಿಲ್ಲ. ಆದರೆ ಸುರಪುರಕ್ಕೆ ಜೊತೆಯಲ್ಲಿ ಹೊರಟಾಗ ನನ್ನನ್ನು ಕಿಟಕಿಯ ಕಡೆ ಕೂಡಿಸಿ, ತಾನು ಹೊರಗಿನ ಸೀಟಿನಲ್ಲಿ ಮೊಣಕಾಲು ಅಡ್ಡ ಇಟ್ಟು ಕೂಡುತ್ತಾಳೆ. ಇಳಿಯುವ ಊರು ಬರುವ ತನಕ ಆ ಕಾಲು ತೆಗೆಯುವುದಿಲ್ಲ.