ಎರಡನೆಯ ಹ್ಯಾಂಡಲ್

ಕೊಡಗು ಮೈಸೂರಿಗೆ ಸೇರಿದ್ದು ಸರಿಯೆಂದೂ ತಪ್ಪೆಂದೂ ಕಾಲೇಜಿನ ಚರ್ಚಾಸ್ಪರ್ಧೆಯ ಒಂದೇ ವೇದಿಕೆಯಲ್ಲಿ ವಾದಿಸಿ ಎರಡಕ್ಕೂ ನಾನು ಚಪ್ಪಾಳೆ ಗಿಟ್ಟಿಸಿದ ವರ್ಷ. ರಜೆಗೆ ಸಂಪಾಜೆಯ ಮಾವನ ತೋಟಕ್ಕೆ ಹೋಗಿದ್ದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಬೆಲ್ಟು ಒಂದು ಮಧ್ಯಾಹ್ನ ಕಿತ್ತುಹೋಯಿತು. ಕೊಯ್ದ ಹಣ್ಣು ಅಂದೇ ಪಲ್ಪರಿಗೆ ಬೀಳದಿದ್ದರೆ ಹುಳಿಯುತ್ತದೆ. ಬೆಲ್ಟು ಸುತ್ತುವ ಚಕ್ರ, ಅಂದರೆ ಪುಲ್ಲಿ, ಇದ್ದ ಗುಂಡಿ ಇಕ್ಕಟ್ಟು, ಮಾವನ ಹೊಟ್ಟೆ ದೊಡ್ಡದು. ನಾನೇ ಇಳಿಯಬೇಕಾಯಿತು.

ಇಳಿಯುವ ಮೊದಲು ಎಂಜಿನ್ನನ್ನು ತಿರುಗಿಸಿ ಶುರುಮಾಡುವ ಹ್ಯಾಂಡಲ್ ಕಿತ್ತು ಕೈಯಲ್ಲಿ ಹಿಡಿದೆ.

“ಅದೆಂಥಕ್ಕೆ? ನನ್ನ ಮೇಲೆ ನಂಬಿಕೆ ಇಲ್ವಾ?”

“ನಿಮ್ಮ ಮೇಲೆ ಉಂಟು ಮಾವ, ನಿಮ್ಮ ಅವಸರದ ಮೇಲೆ ಇಲ್ಲ. ಹ್ಯಾಂಡಲ್ ಇಲ್ದೆ ಎಂಜಿನ್ ತಿರುಗಲ್ಲ. ಹ್ಯಾಂಡಲ್ ನನ್ನ ಹತ್ರ. ಆದ್ದರಿಂದ...”

“ಸಾಕು ಮಾರಾಯ, ನಿನ್ನ ಭಾಷಣದ ಟೈಮ್ ಮುಗೀತು, ಬೆಲ್ ಹೊಡೀತು. ಇಳಿ.”

ಪುಲ್ಲಿ ಓರೆಯಾಗಿತ್ತು, ಬೆಲ್ಟಿನ ಅಂಚನ್ನು ಅದೇ ತಿಂದಿತ್ತು. ನೇರ ಮಾಡಿ ಬಿಗಿದೆ. ಎಂಜಿನ್ನಿನಿಂದ ಗೋಡೆಯ ಕಿಂಡಿಯಲ್ಲಿ ಬಂದ ಬೆಲ್ಟನ್ನು ಪುಲ್ಲಿಗೆ ಸುತ್ತಿ, ಎರಡು ತುದಿ ಸೇರಿಸಿ, ಚರ್ಮದ ಬಾರಿನಿಂದ ಹೊಲಿಯತೊಡಗಿದೆ. ತಲೆಯ ಮೇಲೆ ಹಣ್ಣು ತೊಳೆಯುವ ಕಾಲುವೆಯ ನೀರು ಭೋರ್ಗರೆಯುತ್ತಿತ್ತು.

ಹೊಲಿಗೆ ಮುಗಿಯುತ್ತ ಬಂದಿತ್ತು. ಗೋಡೆಯಾಚೆಯ ಎಂಜಿನ್ ಕೋಣೆಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡ ಸದ್ದಾಯಿತು. ಎಂಜಿನ್ನಿಗೆ ಹ್ಯಾಂಡಲ್ ಹಾಕುವಾಗ ಬರುವ ಸದ್ದು. ಆದರೆ ಹ್ಯಾಂಡಲ್ ನನ್ನ ತೊಡೆಯ ಮೇಲಿತ್ತು. ಮುಟ್ಟಿ ನೋಡಿದೆ. ಇತ್ತು. ಹಾಗಾದರೆ ಇದು ಸಾಧ್ಯವೇ ಇಲ್ಲ ಎಂದು ನನ್ನ ತಲೆ ವಾದಿಸುತ್ತಿರುವಾಗಲೇ ಬೆಲ್ಟು ಜಗ್ಗಿತು. ಎಡಗೈಯ ಬೆರಳುಗಳು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿಬಿದ್ದವು.

“ಮಾವಾ!”

ಸಭಾಂಗಣದ ಕೊನೆಯ ಬೆಂಚಿಗೆ ಮುಟ್ಟುವ ನನ್ನ ದನಿಯನ್ನು ನೀರು ನುಂಗಿತು. ಇನ್ನೊಂದು ಸುತ್ತು ತಿರುಗಿಸಿದರೆ ಎಂಜಿನ್ ಶುರುವಾಗುತ್ತದೆ, ಆಮೇಲೆ ಬೆರಳಿಲ್ಲ. ಬಲಗೈಯಿಂದ ಹ್ಯಾಂಡಲ್ ಎತ್ತಿ, ಗೋಡೆಯಾಚೆ ಕೇಳಲೆಂದು ಪುಲ್ಲಿಗೆ ಬಡಿದೆ. ಹುಚ್ಚು ಹಿಡಿದವನ ಹಾಗೆ ಬಡಿದೆ.

ಬೆಲ್ಟು ಸಡಿಲಾಯಿತು. ಗುಂಡಿಯ ಅಂಚಿನಲ್ಲಿ ಮಾವನ ಮುಖ ಕಾಣಿಸಿತು, ಬಿಳಿಚಿಕೊಂಡು.

“ಕೂಗಿದೆ, ಉತ್ತರ ಇಲ್ಲ. ನೀನು ಕೆಲಸ ಮುಗಿಸಿ, ಹ್ಯಾಂಡಲ್ ಹಿಡ್ಕೊಂಡೇ ಊಟಕ್ಕೆ ಹೋದೆ ಅಂದ್ಕೊಂಡೆ. ಪಕ್ಕದ ತೋಟದ್ದೂ ಇದೇ ಎಂಜಿನ್ ಅಲ್ವಾ... ಅವರ ಹ್ಯಾಂಡಲ್ ತಕೊಂಡು ಬಂದೆ.”

ಬೆರಳುಗಳು ಊದಿದ್ದವು, ಆದರೆ ಮಡಚುತ್ತಿದ್ದವು. ಉಳಿದ ಹೊಲಿಗೆಗೆ ಬಾರು ಪೋಣಿಸಲು ಅವುಗಳಿಂದ ಆಗಲಿಲ್ಲ. ಕೊನೆಗೆ ಮಾವನೇ ಹೇಗೋ ತೂರಿಕೊಂಡು ಇಳಿದರು. ನಾನು ಮೇಲೆ ಎರಡೂ ಹ್ಯಾಂಡಲ್‌ಗಳ ಮೇಲೆ ಕುಳಿತೆ.

“ಮಾವ, ಆಚೆ ತೋಟದವರ ಹತ್ರ ಇನ್ನೊಂದು ಹ್ಯಾಂಡಲ್ ಇಲ್ಲ ತಾನೆ?”

ಅವರು ನಗಲಿಲ್ಲ. ಹೊಲಿಯುತ್ತಿದ್ದ ಕೈ ತೆಗೆದು, “ಎಂಜಿನ್ ಕೋಣೆ ಬಾಗಿಲು ಹಾಕು, ಅಗುಳಿ ಹಾಕು,” ಎಂದರು.