ತಿಗಣೆಗೆ ಕುದಿನೀರು: ಅರಿಶಿನಕುಂಟೆಯ ಮುನಿತಾಯಮ್ಮ

ಅರಿಶಿನಕುಂಟೆಯ ಹೆದ್ದಾರಿ ಬದಿಯ ಬಸ್ಸಿನ ಶೆಡ್ಡು. ಇನ್ನೂ ಪೂರ್ತಿ ಬೆಳಕಾಗಿಲ್ಲ. ಮುನಿತಾಯಮ್ಮ ಮೂರು ಕಲ್ಲಿನ ಒಲೆಯ ಮೇಲಿನ ಹಂಡೆಯಿಂದ ಕುದಿಯುವ ನೀರನ್ನು ಉದ್ದ ಮೂತಿಯ ಗಿಂಡಿಗೆ ತುಂಬಿಕೊಂಡು ಬಸ್ಸು ಹತ್ತುತ್ತಾರೆ. ಸೀಟಿನ ಮರದ ಸಂದಿಗೆ ಸಣ್ಣ ಧಾರೆಯಾಗಿ ಹೊಯ್ಯುತ್ತಾರೆ. ಸತ್ತ ತಿಗಣೆಗಳು ನೀರಿನೊಂದಿಗೆ ಹರಿದು ಬರುತ್ತವೆ. ನಾತ ಮೂಗಿಗೆ ಹೊಡೆಯುತ್ತದೆ. ಅವರು ಮುಖ ತಿರುಗಿಸುವುದಿಲ್ಲ.

ಇದು ಯಾತ್ರೆ ಬಸ್ಸು. ಕಾಶಿ, ರಾಮೇಶ್ವರ ಎಂದು ಹೊರಟವರು ವಾರಗಟ್ಟಲೆ ಇದರಲ್ಲೇ ಸಂಸಾರ ಹೂಡುತ್ತಾರೆ. ಹಿಂದುಗಡೆ ಅಡುಗೆ ಪಾತ್ರೆ, ರಾತ್ರಿಗೆ ಸೀಟುಗಳ ನಡುವೆ ಹಲಗೆ ಹಾಸಿ ನಿದ್ದೆ. ಹಾಸಿಗೆ ಸುತ್ತಿಕೊಂಡು ಬರುವ ಜನ ತಿಗಣೆಯನ್ನೂ ಸುತ್ತಿಕೊಂಡೇ ಬರುತ್ತಾರೆ.

ಮುನಿತಾಯಮ್ಮನ ತವರು ಅನುಗೊಂಡನಹಳ್ಳಿ. ಇಲ್ಲಿ ಬಸ್ಸು ತೊಳೆಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಕೆಲಸ ಇವರ ಪಾಲಿಗೆ ಬಂತು. ಎಡ ಮುಂಗೈ ತುಂಬ ಸುಟ್ಟ ಕಲೆ. "ಡಿಡಿಟಿ ಪುಡೀನೂ ಹಾಕಿ ನೋಡ್ದೆ. ಮೊದ್ಲು ಸಾಯ್ತಿದ್ವು. ಈಗ ಅದ್ರ ಮ್ಯಾಲೇ ಓಡಾಡ್ತವೆ. ಕೆಮ್ಮು ಬಂದಿದ್ದು ನಂಗೆ," ಎನ್ನುತ್ತಾರೆ.

ಈಗ ಕೆಲಸವೇ ಅಲ್ಲಾಡುತ್ತಿದೆ. ಹೋದ ಯಾತ್ರೆಯಲ್ಲಿ ಮುಂದಿನ ಸೀಟಿನವರು ಮೈಯೆಲ್ಲ ಕಚ್ಚಿಸಿಕೊಂಡು ಬಂದು, ಮಾಲೀಕ ವೆಂಕಟರಾಯಪ್ಪನವರ ಮನೆ ಬಾಗಿಲಲ್ಲೇ ನಿಂತು ಬೈದಿದ್ದಾರೆ. ಇನ್ನೊಂದು ದೂರು ಬಂದರೆ ಬೆಂಗಳೂರಿನಿಂದ ಔಷಧಿ ಹೊಡೆಯುವವರನ್ನು ಕರೆಸುತ್ತೇನೆ, ನೀನು ಮನೆಯಲ್ಲಿರು ಎಂದು ಮಾಲೀಕರು ಹೇಳಿಯಾಗಿದೆ. ಬಸ್ಸು ಇವತ್ತು ಸಂಜೆ ಹೊರಡುತ್ತದೆ. ಮುಂದಿನ ಸೀಟುಗಳಿಗೆ ಮುನಿತಾಯಮ್ಮ ಮತ್ತೆ ಮತ್ತೆ ನೀರು ಹೊಯ್ಯುತ್ತಾರೆ. ಅಲ್ಲಿ ಒಂದೂ ಸಿಗುವುದಿಲ್ಲ. ಅದೇ ಅವರಿಗೆ ಚಿಂತೆ.

ಬಿಸಿಲೇರಿದ ಮೇಲೆ ಮೆತ್ತೆಗಳನ್ನು ಹೊರಗೆ ಒಣಗಲು ಹಾಕಿ, ಕಿಟಕಿ ಮುಚ್ಚಿ, ಒಳಗೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಾರೆ. ಬಾಗಿಲು ತೆಗೆದಾಗ ಡ್ರೈವರ್ ತಲೆಯ ಮೇಲಿನ ದೇವರ ಪಟದ ಅಂಚಿನಿಂದ ಒಂದು ತಿಗಣೆ ಇಳಿಯುತ್ತಿರುತ್ತದೆ.

"ಅಪ್ಪಯ್ಯಣ್ಣ, ಆ ಪಟ ಇಳ್ಸು."

ಡ್ರೈವರ್ ಅಪ್ಪಯ್ಯಣ್ಣ ಬೆಚ್ಚುತ್ತಾರೆ. "ತಲೆ ನೆಟ್ಟಗೈತೇನವ್ವಾ? ಆಯುಧಪೂಜೇಲಿ ಬಿಟ್ರೆ ಅದನ್ನ ಯಾರೂ ಮುಟ್ಟಲ್ಲ. ಹೊರಡೋ ದಿನ ದೇವ್ರನ್ನ ಇಳಿಸ್ತಾರಾ?"

"ದೇವ್ರು ಇರ್ಲಿ ಕಣಪ್ಪ. ಹಿಂದೆ ಬಿಟ್ಟಿ ಕುಂತವಲ್ಲ, ಅವನ್ನ ಇಳ್ಸು ಅಂದಿದ್ದು."

"ನೀನ್ ಕೈಗೀಯಿ ಹಾಕ್ಬುಟ್ಟೀಯ!"

"ನಾನ್ ಮುಟ್ಟಲ್ಲ, ನೀನೇ ಇಳ್ಸು. ಅಲ್ಲೀಗಂಟ ನಾನೂ ಇಳಿಯಲ್ಲ." ಮುನಿತಾಯಮ್ಮ ಬಸ್ಸಿನ ಮೆಟ್ಟಿಲ ಮೇಲೆ ಗಿಂಡಿ ಸಮೇತ ಕೂತುಬಿಡುತ್ತಾರೆ.

ಅಪ್ಪಯ್ಯಣ್ಣ ಗೊಣಗುತ್ತಾರೆ, ಬೀಡಿ ಸೇದುತ್ತಾರೆ, ಕೊನೆಗೆ ಕೈಕಾಲು ತೊಳೆದು ಕರ್ಪೂರ ಹಚ್ಚಿ ತಪ್ಪಾಯ್ತು ಎಂದು ಪಟ ಬಿಚ್ಚುತ್ತಾರೆ. ಹಿಂದಿನ ಹಲಗೆಯಲ್ಲಿ, ಒಣಗಿದ ಹೂವಿನ ನಡುವೆ, ತಿಗಣೆಗಳು ಒತ್ತೊತ್ತಾಗಿ ಕೂತಿವೆ.

"ಅಯ್ಯಯ್ಯಪ್ಪೋ! ನನ್ ನೆತ್ತಿ ಮ್ಯಾಲೇ ಇದ್ವಲ್ಲೇ!"

"ಆ ಜನ ಸುಮ್ನೆ ಬೈದಿಲ್ಲ ಬುಡು," ಎನ್ನುತ್ತ ಮುನಿತಾಯಮ್ಮ ಹಲಗೆಗೆ ನೀರು ಹೊಯ್ಯುತ್ತಾರೆ.

ಪಟ ಒರೆಸಿ ಮತ್ತೆ ಏರಿಸಿ, ಮೆತ್ತೆ ಜೋಡಿಸಿದ ಮೇಲೆ ಕೊನೆಯ ಪರೀಕ್ಷೆ. ಪರದೆ ಎಳೆದು ಕತ್ತಲು ಮಾಡಿ, ಮುಂದಿನ ಸೀಟಿನಲ್ಲಿ ಬರಿಗಾಲು ಚಾಚಿ ಕೂತು ಒಂದು ಎಲೆಅಡಿಕೆ ಅಗಿದು ಮುಗಿಸಬೇಕು. ಇವತ್ತು ಆಚೆ ಬದಿಯ ಸೀಟಿನಲ್ಲಿ ಅಪ್ಪಯ್ಯಣ್ಣನನ್ನೂ ಕೂರಿಸಿದ್ದಾರೆ.

"ಕೆರ್ಕಂಡ್ಯಾ?"

"ಇಲ್ಲ ಕಣವ್ವ." ಅಪ್ಪಯ್ಯಣ್ಣ ಕಾಲು ಸವರಿಕೊಳ್ಳುತ್ತಾರೆ. "ಅಲ್ಲಾ, ಸಾಹುಕಾರ್ರು ಆದ್ರೂ ಬೆಂಗ್ಳೂರಿನೋರನ್ನ ಕರೆಸಿದ್ರೆ?"

ಮುನಿತಾಯಮ್ಮ ಕಿಟಕಿಯಾಚೆ ಎಲೆಅಡಿಕೆ ಉಗಿದು ಎದ್ದು ನಿಲ್ಲುತ್ತಾರೆ.

"ಬರ್ಲಿ ಬುಡು. ಹೊಡೆಯಾಕೆ ಒಂದಾದ್ರೂ ಸಿಗಬೇಕಲ್ಲ."